ಹುಡುಗನನ್ನು ಎತ್ತಬೇಡಿ, ಕ್ಲಾಸನ್ನು ಕೆಳಗೆ ತನ್ನಿ

ಕಾಲೇಜುಗಳಲ್ಲಿ ಅಡ್ಮಿಶನ್ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ದನಿಯೇ ಬದಲಾಗುತ್ತದೆ. ಯಾವ ಕೋರ್ಸ್ ಒಳ್ಳೆಯದು ಅಂತ ಕೇಳುವವರು ಕಡಿಮೆ. ಸೀಟು ಸಿಕ್ಕಿದೆ, ಆದರೆ ಒಳಗೆ ಹೋಗಿ ಕೂತು ಓದುವುದು ಹೇಗೆ ಅಂತ ಕೇಳುವವರು ಜಾಸ್ತಿ. ಈ ಸಲ ಪೂರ್ತಿ ಅಂಥ ಪತ್ರಗಳನ್ನೇ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಾಲೇಜಿನ ಸಮಾನ ಅವಕಾಶ ಕೋಶದ ಜವಾಬ್ದಾರಿ ನನ್ನದು. ಪತ್ರ ಬರೆದವರ ಹೆಸರು, ಅವರ ಕಾಲೇಜಿನ ಹೆಸರು ಎರಡನ್ನೂ ಇಲ್ಲಿ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ. ವೀಲ್‌ಚೇರ್‌ನಲ್ಲೇ ಪಿಯುಸಿ ಮುಗಿಸಿದ. ಈಗ ಬಿ.ಕಾಂ.ಗೆ ಸೇರಿಸಿದ್ದೇವೆ. ಕ್ಲಾಸು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಪ್ರಿನ್ಸಿಪಾಲರು ಒಳ್ಳೆಯವರೇ. ‘ಹುಡುಗರು ಎತ್ಕೊಂಡು ಹೋಗ್ತಾರೆ, ಚಿಂತೆ ಮಾಡ್ಬೇಡಿ ತಾಯಿ’ ಅಂದರು. ಆದರೆ ಮಗ ಮನೆಗೆ ಬಂದವನೇ ಕಾಲೇಜೇ ಬೇಡ ಅಂತ ಕೂತಿದ್ದಾನೆ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮಗನ ಮಾತು ಕೇಳಿ ಅಕ್ಕಾ. ಡಿಗ್ರಿಗೆ ಬಂದ ಹುಡುಗ. ದಿನಾ ಬೆಳಿಗ್ಗೆ ನಾಲ್ಕು ಜನರ ಕೈಯಲ್ಲಿ ತೂಗಾಡುತ್ತಾ, ಹುಡುಗಿಯರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡುವಾಗ ಮೆಟ್ಟಿಲು ಹತ್ತಬೇಕು ಅಂದರೆ ಅವನಿಗೆ ಹೇಗಾಗಬೇಡ? ಎತ್ತುವ ಹುಡುಗರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ ಮಳೆಗಾಲದಲ್ಲಿ ಒದ್ದೆ ಮೆಟ್ಟಿಲ ಮೇಲೆ ಒಬ್ಬನ ಕಾಲು ಜಾರಿದರೆ ಐವರೂ ಬೀಳುತ್ತಾರೆ. ಎತ್ತುವವರು ಒಂದು ದಿನ ಬರದಿದ್ದರೆ ನಿಮ್ಮ ಮಗನಿಗೂ ಆ ದಿನ ರಜೆ. ಮಧ್ಯಾಹ್ನ ಕ್ಯಾಂಟೀನಿಗೆ ಹೋಗಬೇಕು ಅನ್ನಿಸಿದರೂ ಯಾರನ್ನಾದರೂ ಕೇಳಬೇಕು. ಮೂರು ವರ್ಷ ಹೀಗೆ ಕೇಳುತ್ತಾ ಇರುವುದು ಸುಲಭದ ಮಾತಲ್ಲ.

ಪ್ರಿನ್ಸಿಪಾಲರ ಬಳಿ ಲಿಫ್ಟಿನ ಮಾತು ಮೊದಲೇ ಎತ್ತಬೇಡಿ. ಎತ್ತಿದರೆ ‘ಅನುದಾನ ಬರಬೇಕು’ ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಟೈಮ್‌ಟೇಬಲ್ ಹಾಕುವ ಮೇಷ್ಟ್ರು ಯಾರು ಅಂತ ತಿಳಿದುಕೊಂಡು ಅವರನ್ನು ನೋಡಿ. ಪ್ರತಿ ಕಾಲೇಜಿನಲ್ಲೂ ಒಬ್ಬರಿರುತ್ತಾರೆ. ನಿಮ್ಮ ಮಗನ ಸೆಕ್ಷನ್‌ಗೆ ನೆಲಮಹಡಿಯ ಒಂದು ಕೊಠಡಿ ಕೊಟ್ಟು, ಅಲ್ಲಿದ್ದ ಸೆಕ್ಷನ್ನನ್ನು ಮೇಲಕ್ಕೆ ಕಳಿಸಿದರೆ ಆಯಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಮ್ಮ ಕಾಲೇಜಿನಲ್ಲಿ ಹೀಗೇ ಮಾಡಿದ್ದೇವೆ. ಎರಡು ಕಡೆ ಮಾತ್ರ ಎಡವಟ್ಟಾಗುತ್ತದೆ, ಈಗಲೇ ಕೇಳಿಟ್ಟುಕೊಳ್ಳಿ. ಒಂದು, ಕನ್ನಡ, ಇಂಗ್ಲಿಷ್ ಭಾಷಾ ತರಗತಿಗಳು. ಎರಡು ಮೂರು ಸೆಕ್ಷನ್ ಸೇರಿಸಿ ಮೇಲಿನ ದೊಡ್ಡ ಹಾಲ್‌ನಲ್ಲಿ ಮಾಡುತ್ತಾರೆ. ಇನ್ನೊಂದು ಕಂಪ್ಯೂಟರ್ ಲ್ಯಾಬ್. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಕಲಿಸುವುದು ಅಲ್ಲೇ. ಲ್ಯಾಬನ್ನು ಕೆಳಗೆ ತರಲು ಆಗದಿದ್ದರೆ ನಾಲ್ಕೈದು ಕಂಪ್ಯೂಟರನ್ನಾದರೂ ಕೆಳಗಿನ ಕೋಣೆಯಲ್ಲಿ ಇಟ್ಟು, ಒಂದು ಬ್ಯಾಚನ್ನೇ ಅಲ್ಲಿ ನಡೆಸಬಹುದು. ನಿಮ್ಮ ಮಗನೊಬ್ಬನನ್ನೇ ಕೂರಿಸುವುದು ಬೇಡ, ಬ್ಯಾಚ್ ಇರಲಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ. ವೀಲ್‌ಚೇರ್‌ನಲ್ಲಿ ಬರುವ ಮಕ್ಕಳು ಕಾಲೇಜಿನ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ನಮ್ಮ ವಿದ್ಯಾರ್ಥಿನಿ ಒಬ್ಬಳು ಮನೆಯಲ್ಲಿ ಕಾಫಿಯನ್ನೂ ಬಿಟ್ಟಿದ್ದಳು. ಯಾಕೆ ಅಂದರೆ ಶೌಚಾಲಯಕ್ಕೆ ಹೋಗಲು ಆಗುವುದಿಲ್ಲ. ಮೂತ್ರಕೋಶದ ಸೋಂಕು ಬಂದು ಅವಳು ಆಸ್ಪತ್ರೆ ಸೇರಿದ ಮೇಲೆ ನಮಗೆ ಕಾರಣ ಗೊತ್ತಾಯಿತು. ಆಮೇಲೆ ಅಳತೆ ಪಟ್ಟಿ ಹಿಡಿದು ಹೋದೆವು. ಶೌಚಾಲಯದ ಬಾಗಿಲು ಎರಡೂವರೆ ಅಡಿ ಇತ್ತು. ಹೆಚ್ಚುಕಡಿಮೆ ಮೂರು ಅಡಿ, ಅಂದರೆ 900 ಮಿಲಿಮೀಟರ್ ತೆರಪು ಇರಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆದರೆ ಕುರ್ಚಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಲಾಗದು. ಕುರ್ಚಿ ತಿರುಗಲು ಒಳಗೆ ಐದು ಅಡಿ ಜಾಗ, ಕಮೋಡಿನ ಪಕ್ಕದಲ್ಲಿ ಗೋಡೆಗೆ ಗಟ್ಟಿ ಹಿಡಿ. ಹೊಸ್ತಿಲ ಕಲ್ಲನ್ನು ಕಿತ್ತು ಸಮ ಮಾಡಬೇಕು. ಒಂದು ಶೌಚಾಲಯ ಹೀಗಾದರೂ ಸಾಕು, ಮಗ ನೀರು ಕುಡಿಯುತ್ತಾನೆ. ಅದಕ್ಕೆ ಬೀಗ ಹಾಕಿ ಕೀಲಿಯನ್ನು ಅಟೆಂಡರ್ ಬಳಿ ಇಡುವ ಪದ್ಧತಿ ಮಾತ್ರ ಬೇಡ. ಪ್ರತಿ ಸಲ ಕೀಲಿ ಕೇಳುವುದಕ್ಕೇ ಮಕ್ಕಳು ನಾಚುತ್ತಾರೆ.

ರ‍್ಯಾಂಪ್ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟೋ ಕಡೆ ಫೋಟೋಗೆ ಅಂತಲೇ ಕಟ್ಟಿರುತ್ತಾರೆ. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ವರಾಂಡ ನೆಲದಿಂದ ಎರಡು ಅಡಿ ಮೇಲಿದ್ದರೆ 24 ಅಡಿ ರ‍್ಯಾಂಪ್. ಜಾಗ ಉಳಿಸಲು ಎಂಟು ಅಡಿಯಲ್ಲಿ ಮುಗಿಸಿದರೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಮುಂದಕ್ಕೆ ನುಗ್ಗುತ್ತದೆ. ನಯವಾದ ಟೈಲ್ಸ್ ಹಾಕಿದರೆ ಮುಗಿದೇ ಹೋಯಿತು. ಮೇಸ್ತ್ರಿ ಕೆಲಸ ಶುರು ಮಾಡುವ ಮುಂಚೆಯೇ ಈ ಲೆಕ್ಕ ಹೇಳಿ.

ಇದನ್ನೆಲ್ಲ ಉಪಕಾರ ಅಂತ ಕೇಳಬೇಕಾಗಿಲ್ಲ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ ತನ್ನ ಕಟ್ಟಡ, ಆವರಣಗಳನ್ನು ಎಲ್ಲರೂ ಬಳಸುವಂತೆ ಮಾಡಬೇಕು, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರ 16ನೇ ಕಲಂ ಹೇಳುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. ಒಂದು ಪುಟದ ಅರ್ಜಿ ಬರೆಯಿರಿ: ನೆಲಮಹಡಿಯ ಕೊಠಡಿ, ಶೌಚಾಲಯ, ಲ್ಯಾಬ್. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅರ್ಜಿಯ ಕೆಳಗೆ ನಿಮ್ಮದಲ್ಲ, ಮಗನದೇ ಸಹಿ ಇರಲಿ.

ಪ್ರಶ್ನೆ: ನಾನು ಕನ್ನಡ ಉಪನ್ಯಾಸಕ. ಮೊದಲ ಬಾರಿಗೆ ನನ್ನ ತರಗತಿಗೆ ಅಂಧ ವಿದ್ಯಾರ್ಥಿಯೊಬ್ಬ ಬಂದಿದ್ದಾನೆ. ನೋಟ್ಸ್ ಎಲ್ಲ ಟೈಪ್ ಮಾಡಿ ಪಿಡಿಎಫ್ ಕಳಿಸಿದೆ. ‘ಸರ್, ಓದೋಕೆ ಬರ್ತಿಲ್ಲ’ ಅಂತಾನೆ. ಇಂಗ್ಲಿಷ್ ಮೇಷ್ಟ್ರ ನೋಟ್ಸ್ ಮಾತ್ರ ಓದುತ್ತಾನಂತೆ. ಎಲ್ಲಿ ತಪ್ಪಾಗುತ್ತಿದೆ?
— ಉಪನ್ಯಾಸಕರು, ತುಮಕೂರು ಜಿಲ್ಲೆ

ಉತ್ತರ: ಸರ್, ಈ ಪತ್ರ ಕೇಳಿ ನನಗೆ ತುಂಬಾ ಸಂತೋಷವಾಯಿತು. ಟೈಪ್ ಮಾಡಿ ಕಳಿಸಿದಿರಲ್ಲ, ಅರ್ಧ ಕೆಲಸ ಆಗಿದೆ. ಉಳಿದದ್ದು ಫಾಂಟಿನ ತಕರಾರು. ನಿಮ್ಮದು ಹಳೆಯ ನುಡಿ ಫಾಂಟ್ ಇರಬೇಕು. ಆ ಫಾಂಟುಗಳಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಕನ್ನಡ ಅಕ್ಷರ ಅಲ್ಲವೇ ಅಲ್ಲ. ನೀವು ‘ಕನ್ನಡ’ ಅಂತ ಟೈಪ್ ಮಾಡಿದರೆ ಅದು ಇಂಗ್ಲಿಷಿನ ಪಿ, ಮೇಲೆ ಗೀಟಿರುವ ಒಂದು ಎ, ಪೌಂಡಿನ ಗುರುತು ಹೀಗೆ ಏನೇನೋ ಇಟ್ಟುಕೊಂಡಿರುತ್ತದೆ. ಪರದೆಯ ಮೇಲೆ ಫಾಂಟ್ ಅದಕ್ಕೆ ಕನ್ನಡದ ಆಕಾರ ಕೊಡುತ್ತದೆ. ಕಣ್ಣಿರುವವರಿಗೆ ಕನ್ನಡವೇ ಕಾಣುತ್ತದೆ. ನಿಮ್ಮ ವಿದ್ಯಾರ್ಥಿಯ ಕಂಪ್ಯೂಟರ್‌ನಲ್ಲಿರುವ ಓದುವ ತಂತ್ರಾಂಶ ಹೊಟ್ಟೆಯೊಳಗೆ ಇದ್ದದ್ದನ್ನೇ ಓದುತ್ತದೆ. ನೀವು ಪಂಪನ ಪದ್ಯಕ್ಕೆ ಬರೆದ ಟಿಪ್ಪಣಿ ಅವನ ಕಿವಿಗೆ ‘ಪಿ ಎ ಪೌಂಡ್ ಎ’ ಅಂತ ಬೀಳುತ್ತದೆ. ಒಂದೆರಡು ನಿಮಿಷ ಕೇಳಿ ನೋಡಿ, ಹುಡುಗ ಹೇಗೆ ಸಹಿಸಿಕೊಂಡ ಅನ್ನಿಸುತ್ತದೆ.

ಪರಿಹಾರ ಸುಲಭ. ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವಾಗಿಯೇ ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಕೀಲಿಮಣೆ ವಿನ್ಯಾಸ ಅದೇ ಇಟ್ಟುಕೊಳ್ಳಬಹುದು, ಬೆರಳಿಗೆ ಹೊಸ ಅಭ್ಯಾಸ ಬೇಡ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಅಂತ ಒಮ್ಮೆ ನೋಡಿ. ಪಿಡಿಎಫ್ ಬದಲು ವರ್ಡ್ ಕಡತವನ್ನೇ ಕೊಟ್ಟರೆ ಇನ್ನೂ ಒಳ್ಳೆಯದು. ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ಅದು ಬರೀ ಚಿತ್ರ. ಅದನ್ನು ಗೂಗಲ್ ಡಾಕ್ಸ್‌ಗೆ ಕೊಟ್ಟರೆ ಕನ್ನಡ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ತಪ್ಪುಗಳಿರುತ್ತವೆ, ಯಾರಾದರೂ ಕೂತು ತಿದ್ದಬೇಕು. ಎನ್.ಎಸ್.ಎಸ್. ಹುಡುಗರಿಗೆ ಈ ಕೆಲಸ ಕೊಡಿ. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವಷ್ಟೇ ಖುಷಿಯಿಂದ ಮಾಡುತ್ತಾರೆ. ನಮ್ಮಲ್ಲಿ ಒಂದು ಸೆಮಿಸ್ಟರಿನ ಪಠ್ಯವನ್ನೆಲ್ಲ ಹೀಗೆ ಮಾಡಿದ್ದಾರೆ.

ಕಂಪ್ಯೂಟರಿಗೆ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಸಾಕು, ಅದು ಕನ್ನಡ ಓದುತ್ತದೆ. ದನಿ ಸ್ವಲ್ಪ ಒರಟು, ವಾರದಲ್ಲಿ ಕಿವಿಗೆ ರೂಢಿಯಾಗುತ್ತದೆ. ಪ್ರಕಾಶಕರ ಪುಸ್ತಕವನ್ನು ಹೀಗೆ ಬದಲಿಸಿದರೆ ಕೇಸಾಗುತ್ತದೆ ಅಂತ ಲೈಬ್ರರಿಯವರು ಹೆದರಿಸಿದರೆ ಹೆದರಬೇಡಿ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಓದಲು ಆಗದ ವಿಕಲಚೇತನರಿಗಾಗಿ ಲಾಭವಿಲ್ಲದೆ ಪುಸ್ತಕವನ್ನು ಬೇರೆ ರೂಪಕ್ಕೆ ತರಬಹುದು, ಅನುಮತಿ ಬೇಕಿಲ್ಲ. ಕಡತ ಆ ವಿದ್ಯಾರ್ಥಿಗಳ ನಡುವೆ ಮಾತ್ರ ಇರಲಿ, ಅಷ್ಟೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳಲ್ಲಿ ಮಾತಾಡುವ ಪುಸ್ತಕಗಳ ಗ್ರಂಥಾಲಯವಿದೆ. ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯವೂ 2016ರಿಂದ ಇದೆ. ಹುಡುಗನನ್ನು ಎರಡಕ್ಕೂ ಸದಸ್ಯ ಮಾಡಿಸಿ. ನಾನು ಧಾರವಾಡದಲ್ಲಿ ಓದುವಾಗ ಇದ್ಯಾವುದೂ ಇರಲಿಲ್ಲ. ಹಾಸ್ಟೆಲಿನ ಗೆಳತಿಯರು ಕ್ಯಾಸೆಟ್ಟಿನಲ್ಲಿ ಪಾಠ ಓದಿ ಕೊಡುತ್ತಿದ್ದರು. ಪಾಠದ ನಡುವೆ ಊಟದ ಗಂಟೆ, ಕುಕ್ಕರ್ ಸೀಟಿ, ಯಾರೋ ಯಾರನ್ನೋ ಕರೆಯುವುದು ಎಲ್ಲ ಸೇರಿರುತ್ತಿತ್ತು. ಇವತ್ತಿಗೂ ಶಾತವಾಹನರು ಅಂದರೆ ನನಗೆ ಆ ಸೀಟಿ ನೆನಪಾಗುತ್ತದೆ.

ತರಗತಿಯಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಿ. ಬೋರ್ಡಿನ ಮೇಲೆ ಬರೆಯುವುದನ್ನು ಬರೆಯುತ್ತಲೇ ಬಾಯಲ್ಲೂ ಹೇಳಿ. ‘ಇದು ಇದಕ್ಕೆ ಸೇರಿದರೆ ಹೀಗಾಗುತ್ತದೆ’ ಅಂದರೆ ನಮಗೆ ಏನೂ ದಕ್ಕುವುದಿಲ್ಲ. ‘ಊರು ಪದಕ್ಕೆ ಅಲ್ಲಿ ಸೇರಿದರೆ ಊರಲ್ಲಿ’ ಅನ್ನಿ. ಹಿಂದಿನ ಬೆಂಚಿನವರಿಗೂ ಅನುಕೂಲ. ಇತಿಹಾಸಕ್ಕೆ ಭೂಪಟ ಬೇಕಲ್ಲ, ನಾನು ರಟ್ಟಿನ ಮೇಲೆ ದಾರ ಅಂಟಿಸುತ್ತೇನೆ. ಕೃಷ್ಣೆಗೆ ದಪ್ಪ ದಾರ, ತುಂಗಭದ್ರೆಗೆ ತೆಳುವಾದದ್ದು. ಎರಡರ ನಡುವೆ ಬೆರಳಾಡಿಸಿದರೆ ರಾಯಚೂರು ದೋಆಬ್ ಸಿಗುತ್ತದೆ. ಹಂಪಿಗೆ ಒಂದು ಗುಂಡಿ, ಗುಲ್ಬರ್ಗಕ್ಕೆ ಒಂದು ಗುಂಡಿ. ಆ ನೆಲಕ್ಕಾಗಿ ವಿಜಯನಗರಕ್ಕೂ ಬಹಮನಿಗಳಿಗೂ ಯಾಕೆ ಅಷ್ಟು ಕಾದಾಟ ಅನ್ನುವುದು ಬೆರಳಿಗೇ ತಿಳಿಯುತ್ತದೆ. ಕಣ್ಣು ಕಾಣುವ ಮಕ್ಕಳೂ ಆ ರಟ್ಟನ್ನು ಕೇಳಿ ಪಡೆಯುತ್ತಾರೆ.

ಪ್ರಶ್ನೆ: ನನಗೆ ಬಲಗೈ ನಡುಕ ಇದೆ. ಅರ್ಧ ಗಂಟೆ ಬರೆಯುವಷ್ಟರಲ್ಲಿ ಬೆರಳು ಸೆಟೆದುಕೊಳ್ಳುತ್ತವೆ. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ 30% ಅಂತ ಇದೆ. ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಸ್ಕ್ರೈಬ್ ಕೇಳಿದರೆ ‘40% ಇಲ್ಲ, ಆಗಲ್ಲ’ ಅಂದರು. ಗೊತ್ತಿರುವುದನ್ನೂ ಬರೆಯಲಾಗದೆ ಎರಡು ವಿಷಯ ಉಳಿದಿವೆ.
— ಬಿ.ಎ. ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ತಮ್ಮಾ, ನಿನಗೆ ಹೇಳಿದ್ದು ಹಳೆಯ ಮಾತು. ಸೀಟಿನ ಮೀಸಲಾತಿಗೆ 40% ಬೇಕು, ಅದು ನಿಜ. ಸ್ಕ್ರೈಬ್ ವಿಚಾರ ಬೇರೆ. ವಿಕಾಸ್ ಕುಮಾರ್ ಅನ್ನುವ ಅಭ್ಯರ್ಥಿಗೆ ನಿನ್ನ ಥರದ್ದೇ ತೊಂದರೆ ಇತ್ತು. ಬರೆಯುವಾಗ ಕೈ ಹಿಡಿದುಕೊಳ್ಳುತ್ತಿತ್ತು. ಯುಪಿಎಸ್‌ಸಿ ಸ್ಕ್ರೈಬ್ ಕೊಡಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಬರೆಯಲು ತೊಂದರೆ ಇದ್ದವರಿಗೆ 40% ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ ಅಂತ 2021ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಅದರ ಮೇಲೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 40%ಗಿಂತ ಕಡಿಮೆ ಇರುವವರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಅದರ ಜೊತೆಗೆ ಒಂದು ನಮೂನೆ ಇದೆ. ಬರೆಯಲು ತೊಂದರೆ ಇದೆ ಅಂತ ಆ ನಮೂನೆಯಲ್ಲೇ ಸರ್ಕಾರಿ ಆಸ್ಪತ್ರೆಯಿಂದ ಪ್ರಮಾಣಪತ್ರ ಬೇಕು. ನಿನ್ನ ಬಳಿ ಇರುವ 30%ನ ಕಾಗದ ಅದಕ್ಕೆ ಸಾಲದು. ಜಿಲ್ಲಾ ಆಸ್ಪತ್ರೆಗೆ ಹೋಗುವಾಗ ನಮೂನೆಯನ್ನು ಪ್ರಿಂಟ್ ಮಾಡಿಸಿಕೊಂಡೇ ಹೋಗು.

ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚಿನ ಸಮಯವೂ ಇದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ. ಅರ್ಜಿ ಪರೀಕ್ಷೆಯ ಹಿಂದಿನ ದಿನದ ಕೆಲಸ ಅಲ್ಲ, ಪರೀಕ್ಷಾ ಶುಲ್ಕ ಕಟ್ಟುವಾಗಲೇ ಕೊಡು. ಸ್ಕ್ರೈಬ್ ನಿನಗಿಂತ ಕೆಳಗಿನ ಹಂತದ ಓದಿನವರಾಗಿರಬೇಕು ಅಂತ ನಿಯಮವಿದೆ. ಪಿಯುಸಿ ಓದುವ ಹುಡುಗರನ್ನು ಹುಡುಕು.

ಸ್ಕ್ರೈಬ್ ಸಿಕ್ಕ ಮಾತ್ರಕ್ಕೆ ಮುಗಿಯಲಿಲ್ಲ. ಬರೆಸುವುದೂ ಒಂದು ವಿದ್ಯೆ. ನನ್ನ ಪರೀಕ್ಷೆಗಳನ್ನೆಲ್ಲ ಬೇರೆಯವರ ಕೈಯಲ್ಲೇ ಬರೆಸಿದವಳು ನಾನು. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಮುಂಚೆಯೇ ಇಬ್ಬರೂ ಕೂತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿ ಬರೆದು ನೋಡಿ. ಅವನ ಬರವಣಿಗೆಯ ವೇಗ ನಿನಗೆ ಗೊತ್ತಾಗಬೇಕು, ನಿನ್ನ ಮಾತಿನ ಧಾಟಿ ಅವನಿಗೆ. ಪೂರ್ತಿ ವಾಕ್ಯ ಮನಸ್ಸಿನಲ್ಲಿ ಕಟ್ಟಿಕೊಂಡು ಆಮೇಲೆ ಹೇಳು. ಹೇಳುತ್ತಾ ಹೇಳುತ್ತಾ ತಿದ್ದಿದರೆ ಕಾಗದದ ತುಂಬಾ ಕಾಟು. ಪ್ಯಾರಾ ಮುಗಿದಾಗ ‘ಪ್ಯಾರಾ’ ಅನ್ನು. ಹೆಸರು, ಇಸವಿ ಬಂದಾಗ ನಿಲ್ಲಿಸಿ ಎರಡು ಸಲ ಹೇಳು. ಹತ್ತು ಅಂಕದ ಉತ್ತರ ಮುಗಿದ ಮೇಲೆ ಮೊದಲ ಸಾಲು, ಕೊನೆಯ ಸಾಲು ಓದಿಸಿಕೋ. ಮತ್ತೆ ಸ್ಕ್ರೈಬ್‌ಗೆ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕಾಲೇಜೇ ಕೊಡಬೇಕು ಅಂತ ನಾನು ಎಲ್ಲ ಪ್ರಿನ್ಸಿಪಾಲರಲ್ಲೂ ಕೇಳಿಕೊಳ್ಳುತ್ತೇನೆ. ಬಿಸಿಲಲ್ಲಿ ಬಂದು ನಾಲ್ಕು ಗಂಟೆ ಬರೆಯುವ ಹುಡುಗರನ್ನು ಹಸಿದು ಕಳಿಸಬಾರದು.

ಪ್ರಶ್ನೆ: ನಮ್ಮ ಕ್ಲಾಸಿನಲ್ಲಿ ಕಿವಿ ಕೇಳದ ಹುಡುಗಿ ಒಬ್ಬಳಿದ್ದಾಳೆ. ಸುಮ್ನೆ ಕೊನೆಯ ಬೆಂಚಿನಲ್ಲಿ ಕೂತಿರುತ್ತಾಳೆ. ನಾವು ಗೆಳತಿಯರು ಏನು ಮಾಡಬಹುದು?
— ಬಿ.ಎಸ್ಸಿ. ವಿದ್ಯಾರ್ಥಿನಿ, ಉಡುಪಿ

ಉತ್ತರ: ಮೊದಲು ಅವಳನ್ನೇ ಕೇಳಿ. ಒಂದು ಚೀಟಿಯಲ್ಲಿ ಬರೆದು ಕೊಟ್ಟು, ನಿನಗೆ ಯಾವುದು ಅನುಕೂಲ ಅಂತ ಕೇಳಿ. ತುಟಿಯ ಚಲನೆ ನೋಡಿ ತಿಳಿಯುವವಳಾದರೆ ಎರಡನೇ ಸಾಲಿನ ಬದಿಯಲ್ಲಿ ಕೂರಲಿ, ಅಲ್ಲಿಂದ ಮೇಷ್ಟ್ರ ಮುಖವೂ ಕಾಣುತ್ತದೆ, ತಿರುಗಿದರೆ ನಿಮ್ಮ ಮುಖವೂ ಕಾಣುತ್ತದೆ. ಬೋರ್ಡಿಗೆ ಮುಖ ಮಾಡಿ ಪಾಠ ಹೇಳಬೇಡಿ ಅಂತ ಮೇಷ್ಟ್ರಿಗೆ ಒಬ್ಬಳೇ ಹೇಳಲು ಅವಳಿಗೆ ಸಂಕೋಚ ಇರಬಹುದು. ನೀವು ನಾಲ್ಕು ಜನ ಜೊತೆಗೆ ಹೋಗಿ. ಚರ್ಚೆ ನಡೆಯುವಾಗ ಮಾತಾಡುವವರು ಕೈ ಎತ್ತಿ ಮಾತಾಡಲಿ, ಯಾರ ಕಡೆ ನೋಡಬೇಕು ಅಂತ ಅವಳಿಗೆ ಗೊತ್ತಾಗುತ್ತದೆ. ಮಾತನ್ನು ಅಕ್ಷರವಾಗಿ ತೋರಿಸುವ ಗೂಗಲಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್‌ನಲ್ಲಿ ಕನ್ನಡವೂ ಇದೆ. ಗದ್ದಲವಿದ್ದರೆ ತಪ್ಪು ಬರೆಯುತ್ತದೆ, ಆದ್ದರಿಂದ ಫೋನು ಮೇಷ್ಟ್ರ ಮೇಜಿನ ಹತ್ತಿರ ಇರಲಿ. ಅವಳು ಸನ್ನೆ ಭಾಷೆಯಲ್ಲಿ ಬೆಳೆದವಳಾದರೆ ನೀವೂ ಸ್ವಲ್ಪ ಕಲಿಯಿರಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10,000 ಪದಗಳ ವಿಡಿಯೋ ಇವೆ. ಊಟ ಆಯ್ತಾ, ಲ್ಯಾಬ್ ಎಷ್ಟೊತ್ತಿಗೆ, ಬಸ್ ಬಂತು — ಇಷ್ಟರಿಂದ ಶುರು ಮಾಡಿ. ಒಂದು ವಿಷಯ ನೆನಪಿಡಿ: ಎಲ್ಲರೂ ನಕ್ಕಾಗ ಅವಳು ‘ಏನಾಯ್ತು’ ಅಂತ ಕೇಳಿದರೆ ‘ಏನಿಲ್ಲ ಬಿಡು’ ಅನ್ನಬೇಡಿ. ಆ ಜೋಕು ಎಷ್ಟೇ ಸಣ್ಣದಿರಲಿ, ಹೇಳಿ.

ಪ್ರಶ್ನೆ: ನಾನು ಹಾಸ್ಟೆಲಿನಲ್ಲಿದ್ದು ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿ. ಒಬ್ಬ ಮೇಷ್ಟ್ರು ಕ್ಲಾಸಿಗೆ ಬಂದು ‘ಸ್ಕಾಲರ್‌ಶಿಪ್‌ನವರೆಲ್ಲ ಎದ್ದು ನಿಲ್ಲಿ’ ಅಂತಾರೆ. ಅಂಕ ಕಡಿಮೆ ಬಂದರೆ ‘ನಿಮಗೆ ಹೇಗಿದ್ರೂ ಸೀಟ್ ಸಿಗತ್ತಲ್ಲ’ ಅಂತಾರೆ. ಇದನ್ನು ದೂರು ಅಂತ ಕೊಡಬಹುದಾ, ಇಲ್ಲ ಸಹಿಸಿಕೊಳ್ಳಬೇಕಾ?
— ಹೆಸರು ಬೇಡ, ಕಲಬುರಗಿ

ಉತ್ತರ: ಸಹಿಸಿಕೊಳ್ಳಬೇಡ. ಕೊಡಬಹುದು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆ ಕುರಿತು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2012ರಲ್ಲೇ ನಿಯಮ ಮಾಡಿದೆ. ಮೀಸಲಾತಿಯವರು ಅಂತ ತರಗತಿಯಲ್ಲಿ ಗುರುತಿಸುವುದು, ಕಡಿಮೆ ಅಂಕಕ್ಕೆ ಜಾತಿಯೇ ಕಾರಣ ಅನ್ನುವಂತೆ ಹೀಯಾಳಿಸುವುದು, ಮೇಷ್ಟ್ರನ್ನು ಭೇಟಿ ಮಾಡಲು ಬೇರೆ ಸಮಯ ಕೊಡುವುದು, ಲ್ಯಾಬಿನಲ್ಲಿ ಕೆಲಸ ಕೊಡದೆ ಸುಮ್ಮನೆ ನಿಲ್ಲಿಸುವುದು, ವಾಚನಾಲಯದಲ್ಲಿ ಬೇರೆ ಕೂರಿಸುವುದು ಇವೆಲ್ಲ ತಾರತಮ್ಯ ಅಂತ ಅದರಲ್ಲಿ ಬಿಡಿಬಿಡಿಯಾಗಿ ಬರೆದಿದೆ. ಆ ನಿಯಮ ಮಾಡಿದವರಿಗೆ ತರಗತಿಯೊಳಗಿನ ಸಂಗತಿ ಚೆನ್ನಾಗಿ ಗೊತ್ತಿತ್ತು ಅಂತ ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ. ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಇರಬೇಕು, ದೂರು ನೋಡಲು ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಅಂತಲೂ ಇದೆ.

ಯಾವ ದಿನ, ಯಾವ ಪೀರಿಯಡ್, ಏನು ಮಾತು, ಯಾರು ಕೇಳಿಸಿಕೊಂಡರು ಅಂತ ಅವತ್ತೇ ಬರೆದಿಡು. ವಾರ ಕಳೆದರೆ ನಿನಗೇ ಮಾತು ಮಸುಕಾಗುತ್ತದೆ. ಒಬ್ಬನೇ ಕೊಡಲು ಹೆದರಿಕೆಯಾದರೆ, ಇಂಟರ್ನಲ್ಸ್ ಅಂಕ ಅವರ ಕೈಯಲ್ಲಿದೆ ಅನ್ನುವ ಹೆದರಿಕೆ ಸಣ್ಣದಲ್ಲ, ಎದ್ದು ನಿಂತವರೆಲ್ಲ ಸೇರಿ ಸಹಿ ಹಾಕಿ. ಮೇಲ್ಜಾತಿಯ ಗೆಳೆಯರಿದ್ದರೆ ಅವರೂ ಸಹಿ ಹಾಕಲಿ. ಅವರೂ ಅದೇ ಕ್ಲಾಸಿನಲ್ಲಿ ಕೂತು ಕೇಳಿಸಿಕೊಂಡವರು ತಾನೆ?

ಇದನ್ನು ಓದುವ ಸಹೋದ್ಯೋಗಿಗಳಿಗೂ ಒಂದು ಮಾತು. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕ ಹೇಳುವುದಿದ್ದರೆ ಇಡೀ ತರಗತಿಗೆ ಹೇಳಿ. ಯಾರ ದಾಖಲೆ ಬಾಕಿ ಇದೆಯೋ ಅವರಿಗೆ ಫೋನಿನಲ್ಲಿ ಸಂದೇಶ ಕಳಿಸಿ. ಜಾತಿ ಕಾಲಂ ಇರುವ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುವುದನ್ನು ನಿಲ್ಲಿಸಿ. ನಮ್ಮ ಕಚೇರಿಯಲ್ಲಿ ನೋಂದಣಿ ಸಂಖ್ಯೆ ಮಾತ್ರ ಹಾಕುತ್ತಾರೆ. ಗುಮಾಸ್ತರಿಗೆ ಅದರಿಂದ ಯಾವ ಹೆಚ್ಚಿನ ಕೆಲಸವೂ ಬಿದ್ದಿಲ್ಲ.

ಪ್ರಶ್ನೆ: ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತಿದೆ. ವಿಕಲಚೇತನ ಸ್ನೇಹಿ ಆವರಣ ಅಂತ ಒಂದು ಅಂಶ ಇದೆ. ನಮ್ಮಲ್ಲಿ ಅಂಥ ವಿದ್ಯಾರ್ಥಿಗಳೇ ಇಲ್ಲ. ಇಲ್ಲದವರಿಗೆ ಖರ್ಚು ಮಾಡುವುದು ಸರಿಯೇ?
— ಪ್ರಾಂಶುಪಾಲರು, ಹಳೆ ಮೈಸೂರು ಭಾಗ

ಉತ್ತರ: ಸರ್, ನಿಮ್ಮ ಗೇಟಿನವರೆಗೆ ಬಂದು ಮೆಟ್ಟಿಲು ನೋಡಿ ವಾಪಸ್ ಹೋದವರ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಕಾಯ್ದೆ ಈಗ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಇದ್ದವು. ಈಗಿನ ಪಟ್ಟಿಯಲ್ಲಿ ಕಲಿಕಾ ನ್ಯೂನತೆ, ಕುಸುಮ ರೋಗ (ಹಿಮೋಫಿಲಿಯಾ), ಥಲಸ್ಸೀಮಿಯ, ಮಾನಸಿಕ ಕಾಯಿಲೆ ಇವೆಲ್ಲ ಇವೆ. ಇಂಥ ಮಕ್ಕಳು ನಿಮ್ಮ ಕಾಲೇಜಿನಲ್ಲಿ ಈಗಲೇ ಇರಬಹುದು, ನೋಡಿದರೆ ಗೊತ್ತಾಗುವುದಿಲ್ಲ. ಅಡ್ಮಿಶನ್ ಫಾರ್ಮಿನಲ್ಲಿ ‘ನಿಮಗೆ ಓದಲು, ಬರೆಯಲು, ಓಡಾಡಲು ಯಾವ ವ್ಯವಸ್ಥೆ ಬೇಕು?’ ಅಂತ ಒಂದು ಸಾಲು ಸೇರಿಸಿ ನೋಡಿ. ನಾವು ಸೇರಿಸಿದ ವರ್ಷ, ಅದುವರೆಗೆ ಬಾಯಿಬಿಡದ ಮಕ್ಕಳು ಬರೆದರು. ಒಬ್ಬಳಿಗೆ ಬೇಕಿದ್ದದ್ದು ಕಿಟಕಿಯಿಂದ ದೂರ ಒಂದು ಜಾಗ, ಬಿಸಿಲಿನ ಪ್ರಖರಕ್ಕೆ ಅವಳ ಕಣ್ಣು ತಡೆಯುತ್ತಿರಲಿಲ್ಲ. ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ 5% ಸೀಟು ಮೀಸಲು ಅಂತ 32ನೇ ಕಲಂ ಹೇಳುತ್ತದೆ, ವಯಸ್ಸಿನಲ್ಲಿ ಐದು ವರ್ಷದ ಸಡಿಲಿಕೆಯೂ ಇದೆ. ಇದನ್ನು ನಿಮ್ಮ ಪ್ರವೇಶ ಪ್ರಕಟಣೆಯಲ್ಲೇ ದೊಡ್ಡದಾಗಿ ಅಚ್ಚು ಹಾಕಿಸಿ. ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಗೂ, ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರಿಗೂ ಒಂದು ಪ್ರತಿ ಕಳಿಸಿ. ಯಾವ ಮನೆಯಲ್ಲಿ ಪಿಯುಸಿ ಮುಗಿಸಿ ಕೂತ ಮಗು ಇದೆ ಅಂತ ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಅಕ್ಕಾ, ನನಗೆ ಕಣ್ಣು ಕಾಣುವುದಿಲ್ಲ. ಪಿಯುಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೇನೆ. ಹಾಸ್ಟೆಲಿನವರು ‘ಜೊತೆಗೆ ಒಬ್ಬರನ್ನು ಕರ್ಕೊಂಡು ಬಂದರೆ ಮಾತ್ರ ರೂಮ್’ ಅಂದರು. ಅಪ್ಪ ‘ಓದು ಸಾಕು’ ಅಂತಾರೆ. ಇತಿಹಾಸ ತಗೊಳ್ಳಲಾ, ಬಿಸಿಎ ಮಾಡಲಾ?
— ವಿಜಯಪುರ ಜಿಲ್ಲೆ

ಉತ್ತರ: ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿಸಿಕೊಂಡು ಕೇಳಿದೆ. ಹಾಸ್ಟೆಲಿನ ಷರತ್ತು ಸರಿಯಲ್ಲ. ಬೇರೆ ಯಾರಿಗೂ ಇಲ್ಲದ ಷರತ್ತನ್ನು ಕಣ್ಣು ಕಾಣದ ಕಾರಣಕ್ಕೆ ನಿನಗೊಬ್ಬಳಿಗೆ ಹಾಕಿದರೆ ಅದು ತಾರತಮ್ಯ, 2016ರ ಕಾಯ್ದೆಯ 3ನೇ ಕಲಂ ಅದನ್ನು ತಡೆಯುತ್ತದೆ. ಅವರು ಬಾಯಲ್ಲಿ ಹೇಳಿದ್ದನ್ನು ಬರಹದಲ್ಲಿ ಕೊಡಿ ಅಂತ ವಿನಯದಿಂದಲೇ ಕೇಳು. ಬಹಳ ಸಲ ಅಷ್ಟಕ್ಕೇ ರೂಮ್ ಸಿಗುತ್ತದೆ. ಕೊಡದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಅಂಗವಿಕಲರ ಆಯುಕ್ತರ ಕಚೇರಿಯಿದೆ, ಅಲ್ಲಿಗೆ ದೂರು ಬರೆಯಬಹುದು. ಆ ಪತ್ರ ಬರೆಯಲು ನಾನು ನೆರವಾಗುತ್ತೇನೆ, ಪತ್ರಿಕೆಯ ವಿಳಾಸಕ್ಕೆ ನಿನ್ನ ನಂಬರ್ ಕಳಿಸು.

ಅಪ್ಪನ ಮೇಲೆ ಸಿಟ್ಟಾಗಬೇಡ. ಅವರಿಗಿರುವುದು ಭಯ. ನೀನು ಒಬ್ಬಳೇ ರಸ್ತೆ ದಾಟುವುದನ್ನು ಅವರು ಇನ್ನೂ ನೋಡಿಲ್ಲ. ಬಿಳಿ ಕೋಲು ಹಿಡಿದು ಓಡಾಡುವ ತರಬೇತಿ ಆಗಿಲ್ಲದಿದ್ದರೆ ಅದನ್ನು ಮೊದಲು ಮಾಡು. ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಎಲ್ಲಿ ಕಲಿಸುತ್ತಾರೆ ಅಂತ ಕೇಳು. ಕ್ಲಾಸು ಶುರುವಾಗುವ ಒಂದು ವಾರ ಮುಂಚೆ ಹೋಗಿ ದಾರಿಗಳನ್ನು ಕಲಿ. ನಾನು ಹೊಸ ಕಾಲೇಜಿಗೆ ವರ್ಗವಾದಾಗಲೆಲ್ಲ ಹಾಗೇ ಮಾಡುತ್ತೇನೆ. ಗೇಟಿನಿಂದ ಬಲಕ್ಕೆ, ಜಲ್ಲಿ ಮುಗಿದು ಸಿಮೆಂಟು ಸಿಕ್ಕ ಕಡೆ ಎಡಕ್ಕೆ, ಕ್ಯಾಂಟೀನಿನ ಒಗ್ಗರಣೆ ವಾಸನೆ ದಾಟಿದರೆ ಲೈಬ್ರರಿ ಮೆಟ್ಟಿಲು. ಬಸ್ಸಿನ ಖರ್ಚಿನ ಚಿಂತೆ ಬೇಡ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ.

ಕೋರ್ಸ್ ವಿಷಯಕ್ಕೆ ಬಂದರೆ, ನಾನು ಇತಿಹಾಸದವಳು ಅಂತ ನನ್ನ ಕಡೆ ಎಳೆಯುವುದಿಲ್ಲ. ಗಣಿತ ಇಷ್ಟವಿದ್ದು, ಕೀಲಿಮಣೆ ನೋಡದೆ ಬೆರಳೋಡುತ್ತಿದ್ದರೆ ಬಿಸಿಎ ಧೈರ್ಯವಾಗಿ ತಗೋ. ಓದುವ ತಂತ್ರಾಂಶದ ನೆರವಿನಿಂದ ಪ್ರೋಗ್ರಾಂ ಬರೆಯುವ ಕಣ್ಣು ಕಾಣದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸೇರುವ ಮೊದಲು ಆ ಕಾಲೇಜಿನ ಲ್ಯಾಬಿನಲ್ಲಿ ಎನ್‌ವಿಡಿಎ ಹಾಕಿಕೊಡುತ್ತಾರಾ, ಚಿತ್ರಗಳಿರುವ ಪ್ರಶ್ನೆಗಳಿಗೆ ಬದಲಿ ಪ್ರಶ್ನೆ ಕೊಡುತ್ತಾರಾ ಅಂತ ವಿಭಾಗದ ಮುಖ್ಯಸ್ಥರನ್ನೇ ಕೇಳು. ‘ನೋಡೋಣ’ ಅಂದರೆ ಇನ್ನೊಂದು ಕಾಲೇಜಿನಲ್ಲೂ ವಿಚಾರಿಸು. ಹೋಗುವಾಗ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ಅಂಕಪಟ್ಟಿ, ಎರಡಕ್ಕೂ ಎರಡೆರಡು ಜೆರಾಕ್ಸ್ ಇರಲಿ. ಅಪ್ಪನನ್ನೂ ಕರೆದುಕೊಂಡು ಹೋಗು. ಪ್ರಶ್ನೆಗಳನ್ನು ಮಾತ್ರ ನೀನೇ ಕೇಳು.